ಏಳಕ್ಕೆ ಬತ್ತೀನಿ

ಐದು ವರ್ಷದ ಮೇಲೆ ಯತೀಶನನ್ನು ಮತ್ತೆ ಕಂಡಾಗ ವೀಣಳ ಕೈಯಲ್ಲಿ ಯಾರದೋ ಪಿತ್ತಕೋಶವಿತ್ತು.

ಇಂಥ ಭೇಟಿಗೆ ಒಂದು ಮೊಳ ಮಲ್ಲಿಗೆಯೋ, ಸಂಜೆಯ ತಂಗಾಳಿಯೋ ಇರಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಪೆಥಾಲಜಿ ಓದಿದವರಿಗೆ ಅಂಥ ಭಾಗ್ಯವೆಲ್ಲಿ? ಆಪರೇಷನ್ನಿನಲ್ಲಿ ತೆಗೆದದ್ದೆಲ್ಲ ಮೊದಲು ಅವರ ಗ್ರಾಸಿಂಗ್ ಕೋಣೆಗೆ ಬರುತ್ತದೆ. ಅದನ್ನು ಅಳೆದು, ಕೊಯ್ದು, ಬೇಕಾದ ಚೂರುಗಳನ್ನು ಆರಿಸಿ ಸ್ಲೈಡ್ ಮಾಡಲು ಕಳಿಸುವುದು ಅವರ ಕೆಲಸ. ಕೋಣೆಯ ತುಂಬ ಫಾರ್ಮಲಿನ್ ಘಾಟು. ಕಣ್ಣು ಉರಿದು ನೀರು ಬರುತ್ತದೆ. ಆದ್ದರಿಂದ ಆ ಹೊತ್ತು ವೀಣಳ ಕಣ್ಣು ತುಂಬಿದ್ದಕ್ಕೆ ಯಾರೂ ಏನೂ ಅಂದುಕೊಳ್ಳಲಿಲ್ಲ.

"ಹೇಗಿದ್ದೀರಿ?" ಬಾಗಿಲಲ್ಲಿ ನಿಂತು ಯತೀಶ ಕೇಳಿದ. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಬಂದಿದ್ದವು. ಏಪ್ರನ್ ದಾರವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಮುಂದೆ ಗಂಟು ಹಾಕುವ ಹಳೇ ಅಭ್ಯಾಸ ಮಾತ್ರ ಹಾಗೇ ಇತ್ತು.

ಹೇಗಿದ್ದೀರಿ. ಆ 'ಹೇ' ಅಷ್ಟು ಸ್ಪಷ್ಟವಾಗಿ ಬಂದದ್ದನ್ನು ಕೇಳಿ ಅವಳ ಮನಸ್ಸು ಪೆಚ್ಚಾಯಿತು.

ಅದಕ್ಕೆ ಕಾರಣವಿದೆ. ಯತೀಶ ನಿಡಘಟ್ಟದವನು. ಅವನ ಮನೆಯಲ್ಲಿ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೋಗುವವರು ಓಗುತ್ತಾರೆ. ಎಂಡಿ ಓದುವಾಗ ಜೊತೆಯವರು ಅಣಕಿಸಿದರೆಂದು ಹಟ ತೊಟ್ಟು 'ಹ' ಕಲಿತ. ಎಂಥ ಹಟವೆಂದರೆ ಕೆಲವು ದಿನ ಬೇಡದ ಕಡೆಯಲ್ಲೂ ಹಾಕಿ 'ಹಾಪರೇಷನ್' ಎಂದ. ಆಮೇಲಾಮೇಲೆ ಸರಿಹೋಯಿತು. ಆದರೆ ಮನಸ್ಸು ಕಲಕಿತೆಂದರೆ ಸಾಕು, ಕಲಿತ 'ಹ' ಕೈಕೊಡುತ್ತಿತ್ತು. ಪರೀಕ್ಷೆಯ ದಿನ ಹೋಗುತ್ತಿತ್ತು, ಅವ್ವನಿಗೆ ಜ್ವರ ಬಂದರೆ ಹೋಗುತ್ತಿತ್ತು, ವೀಣ ನೀಲಿ ಸೀರೆ ಉಟ್ಟು ಬಂದ ದಿನವೂ ಹೋಗಿತ್ತು. ಇದು ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟು.

ಈಗ 'ಹ' ನೆಟ್ಟಗೆ ನಿಂತಿದೆ ಎಂದರೆ ಇವನಿಗೆ ನನ್ನನ್ನು ನೋಡಿ ಏನೂ ಆಗಿಲ್ಲ ಎಂದು ಅವಳು ಲೆಕ್ಕ ಹಾಕಿದಳು.

"ಚೆನ್ನಾಗಿದ್ದೀನಿ. ನೀವೇನು ಇಲ್ಲಿ?"

"ಫೆಲೋಶಿಪ್‌ಗೆ ಎರಡು ಸೀಟು ಇತ್ತಲ್ಲ. ಇನ್ನೊಂದು ನನ್ನದು."

ಮಂಡ್ಯದ ಆ ಬೋಧನಾ ಆಸ್ಪತ್ರೆಯಲ್ಲಿ ಸರ್ಜಿಕಲ್ ಪೆಥಾಲಜಿಯ ಒಂದು ವರ್ಷದ ಫೆಲೋಶಿಪ್ ಶುರುವಾದದ್ದು ಆ ವರ್ಷವೇ. ವೀಣ ಎಂಡಿ ಮುಗಿಸಿ ಮದ್ದೂರಿನ ಒಂದು ಲ್ಯಾಬಿನಲ್ಲಿ ರಕ್ತ, ಕಫ ನೋಡಿಕೊಂಡಿದ್ದವಳು, ಕೈಗೆ ತುಕ್ಕು ಹಿಡಿಯುತ್ತಿದೆ ಅನ್ನಿಸಿ ಅರ್ಜಿ ಹಾಕಿದ್ದಳು. ಇನ್ನೊಂದು ಸೀಟಿನವರು ಯಾರೆಂದು ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಅರ್ಜಿ ವಾಪಸ್ ಪಡೆಯುತ್ತಿದ್ದಳೋ, ಹೊಸ ಸೀರೆ ಕೊಳ್ಳುತ್ತಿದ್ದಳೋ, ಅವಳನ್ನು ಬಲ್ಲ ನನಗೂ ಹೇಳಲು ಬಾರದು.

* * *

ಅದೇ ಆಸ್ಪತ್ರೆಯಲ್ಲಿ ಅವರಿಬ್ಬರೂ ಮೂರು ವರ್ಷ ಜೊತೆಯಲ್ಲಿ ಎಂಡಿ ಓದಿದ್ದರು. ವಿಭಾಗದಲ್ಲಿ ಎರಡು ತಲೆಯ ಮೈಕ್ರೋಸ್ಕೋಪು ಒಂದಿತ್ತು. ಎದುರುಬದುರು ಕೂತ ಇಬ್ಬರಿಗೂ ಒಂದೇ ಸ್ಲೈಡು ಕಾಣುವ ಯಂತ್ರ. ಸ್ಲೈಡನ್ನು ಓಡಿಸುವ ಗುಬುಟು ಮಾತ್ರ ಒಬ್ಬರ ಕೈಯಲ್ಲಿ. ಯತೀಶ ಓಡಿಸಿದರೆ ಎದುರು ಕೂತವರಿಗೆ ತಲೆ ಗಿರ್ ಎನ್ನುತ್ತಿತ್ತು.

"ಸ್ವಲ್ಪ ನಿಧಾನ ಓಡಿಸಿ. ಇದೇನು ಎಕ್ಸ್‌ಪ್ರೆಸ್ ಬಸ್ಸಾ?" ಎನ್ನುತ್ತಿದ್ದಳು ವೀಣ.

"ನಿಮ್ಮೂರು ಬ್ಲಫ್ಫಿನ ಬಸ್ಸಿನ ಸ್ಪೀಡಲ್ಲಿ ಓಡಿಸಿದ್ರೆ ಸಂಜೆಗೆ ಒಂದೇ ಸ್ಲೈಡು."

ಬೈದುಕೊಂಡೇ ನಿಧಾನ ಮಾಡುತ್ತಿದ್ದ. ಕಣ್ಣು ಮೈಕ್ರೋಸ್ಕೋಪಿನಲ್ಲೇ ಇರುತ್ತಿತ್ತು, ಆದರೆ ಒಳಗಿನ ಪುಟ್ಟ ಹಸಿರು ಬಾಣ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ನೋಡಿ ಎಂದು ತೋರಿಸಲು ಇರುವ ಬಾಣ ಅದು. ತೋರಿಸುವುದೆಲ್ಲ ಮುಗಿದ ಮೇಲೂ ಯತೀಶ ಅದನ್ನು ಅವಳು ನೋಡುತ್ತಿದ್ದ ಜಾಗದಲ್ಲೇ ಸುತ್ತಿಸುತ್ತಿದ್ದ. ಅವಳು ಕಣ್ಣೆತ್ತಿದರೆ ತಾನು ಮಾತ್ರ ಕಣ್ಣೆತ್ತದೆ ಮೀಸೆಯ ಅಡಿಯಲ್ಲಿ ನಗುತ್ತಿದ್ದ. ಆ ನಗು ನೋಡಲಿಕ್ಕೇ ಅವಳು ದಿನಕ್ಕೆ ಹತ್ತು ಸಲ ಕಣ್ಣೆತ್ತುತ್ತಿದ್ದಳು.

ಶನಿವಾರ ಊರಿಗೆ ಹೋಗುವ ದಿನ. ವೀಣಳ ಅಪ್ಪ ಶಿವರಾಜು ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಆಪರೇಟರು. ಅಲ್ಲಿನ ಕ್ವಾರ್ಟರ್ಸಿನಲ್ಲೇ ಅವಳು ಬೆಳೆದದ್ದು. ಮಂಡ್ಯದಿಂದ ಮಳವಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ಯತೀಶನಿಗೆ ನಿಡಘಟ್ಟಕ್ಕೆ ನೇರ ದಾರಿಯಿತ್ತು. ಬೆಂಗಳೂರಿನ ಯಾವ ಬಸ್ಸು ಹತ್ತಿದರೂ ಮುಕ್ಕಾಲು ಗಂಟೆಯಲ್ಲಿ ಮನೆ. ಆದರೆ ಅವನು ವೀಣಳ ಜೊತೆ ಮಳವಳ್ಳಿ ಬಸ್ಸು ಹತ್ತಿ, ಅಲ್ಲಿಂದ ಮದ್ದೂರಿಗೆ ಬಂದು, ಆಮೇಲೆ ನಿಡಘಟ್ಟ ಸೇರುತ್ತಿದ್ದ.

"ಇದ್ಯಾವ ದಾರಿ ನಿಮ್ಮದು?"

"ಈ ಬಸ್ಸಲ್ಲಿ ಸೀಟು ಸಿಗ್ತವೆ."

ಸೀಟು ಸಿಗುತ್ತಿರಲಿಲ್ಲ. ಇಬ್ಬರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದರು. ಕಬ್ಬು ಕಡಿಯುವ ಕಾಲದಲ್ಲಿ ಬಸ್ಸು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು. ಬಸ್ಸಿನವರೆಲ್ಲ ಟ್ರ್ಯಾಕ್ಟರಿನವನಿಗೆ ಶಾಪ ಹಾಕುವಾಗ ಇವರಿಬ್ಬರು ಮಾತ್ರ ಅವನಿಗೆ ಒಳ್ಳೆಯದಾಗಲಿ ಎಂದು ಹಾರೈಸುತ್ತಿದ್ದರು.

ಎಂಡಿ ಫಲಿತಾಂಶ ಬಂದ ವಾರ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅದಾಯಿತು. ಬ್ಲಫ್ ಬಸ್ಸು ಹೊರಟುಬಿಟ್ಟಿತ್ತು. ವೀಣ ಕಿಟಕಿಯ ಪಕ್ಕ ಕೂತಿದ್ದಳು. ಯತೀಶ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಬಂದ. ಮುಖ ಕೆಂಪಾಗಿತ್ತು.

"ಭಾನ್ವಾರ ನಿಮ್ಮನೆಗೆ ಏಳಕ್ಕೆ ಬತ್ತೀವಿ. ಅವ್ವನೂ ಬತ್ತಳೆ!"

"ಆಯ್ತು!" ಎಂದು ಕೂಗಿದಳು ವೀಣ. ಡ್ರೈವರು ಹಾರ್ನ್ ಒತ್ತಿದ. ಬಸ್ಸು ತಿರುಗಿತು. ಆ ದಿನ ಮಳವಳ್ಳಿಯಿಂದ ಬ್ಲಫ್‌ವರೆಗೆ ಅವಳ ಕಾಲು ನೆಲದ ಮೇಲಿರಲಿಲ್ಲ.

"ಸಂಜೆ ಏಳಕ್ಕೆ ಬರ್ತಾರಂತಮ್ಮ," ಎಂದಳು ಮನೆಗೆ ಬಂದವಳೇ.

ಅವಳಮ್ಮ ಕ್ಯಾಲೆಂಡರ್ ನೋಡಿದರು. "ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಅದು ಕಳೆದ ಮೇಲೇ ಬರ್ತಿದ್ದಾರೆ. ಚೆನ್ನಾಗಿ ತಿಳಿದವರು ಕಣೇ."

ಭಾನುವಾರ ಬೆಳಿಗ್ಗೆ ಮೂವರೂ ಮಳವಳ್ಳಿಗೆ ಹೋಗಿ ಹೊಸ ಕಪ್ಪು, ಗೋಡಂಬಿ, ಅಪ್ಪನಿಗೊಂದು ಬಿಳಿ ಶರ್ಟು ತಂದರು. ಸಂಜೆ ಆರೂವರೆಗೆ ಕೇಸರಿಬಾತಿನ ಘಮ ಪಕ್ಕದ ಮನೆಗೂ ಹೋಗಿತ್ತು. ಏಳಾಯಿತು. ಎಂಟಾಯಿತು. ಒಂಬತ್ತಕ್ಕೆ ಅಪ್ಪ ಹೊಸ ಶರ್ಟು ಬಿಚ್ಚಿ ಮೊಳೆಗೆ ಹಾಕಿದರು. ಮೂವರೂ ಗಟ್ಟಿಯಾದ ಕೇಸರಿಬಾತ್ ತಿಂದರು.

ಮಾರನೇ ದಿನ ಅಮ್ಮ ಮಾತು ತೇಲಿಸಲು ನೋಡಿದರು. "ನಿನ್ನೆ ಬೆಳಿಗ್ಗೆ ನಾವಿಲ್ಲದಾಗ ಯಾರೋ ತಟ್ಟೆ ಹಿಡ್ಕೊಂಡು ಮದುವೆ ಕರೆಯೋಕೆ ಬಂದಿದ್ರಂತೆ, ಎದುರು ಮನೆಯವರು ಹೇಳಿದ್ರು. ಪತ್ರಿಕೇನೂ ಬಿಟ್ಟು ಹೋಗಿಲ್ಲ ನೋಡು. ಯಾರ ಮನೆ ಮದುವೆಯೋ ಏನೋ."

ಮದುವೆಯ ಮಾತು ಯಾರಿಗೆ ಬೇಕಿತ್ತು? ವೀಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ದಿನ ಯೋಚಿಸಿ ಅವನಿಗೆ ಒಂದು ಮೆಸೇಜ್ ಕಳಿಸಿದಳು: "ಅರ್ಥ ಆಯ್ತು. ಪರವಾಗಿಲ್ಲ."

ಹತ್ತು ನಿಮಿಷದಲ್ಲಿ ಉತ್ತರ ಬಂತು: "ನನಗೂ ಅರ್ಥ ಆಯ್ತು. ಒಳ್ಳೇದಾಗ್ಲಿ."

ಆ ವಾರವೇ ಅವನು ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಬಂತು. ಓದಿದವರ ದಡ್ಡತನ ಎಂದರೆ ಇದೇ. ಇಬ್ಬರಿಗೂ ಏನೂ ಅರ್ಥವಾಗಿರಲಿಲ್ಲ. ಇಬ್ಬರೂ ಅರ್ಥವಾಯಿತು ಎಂದು ಬರೆದು ಕೈತೊಳೆದುಕೊಂಡಿದ್ದರು.

* * *

ಫೆಲೋಶಿಪ್ಪಿನ ಹನ್ನೊಂದು ತಿಂಗಳು ಹೀಗೇ ಕಳೆಯಿತು. ಅವಳಿಗೆ ಮದುವೆಯಾಗಿಲ್ಲ ಎಂದು ಅವನಿಗೆ ಮೊದಲ ವಾರವೇ ಗೊತ್ತಾಯಿತು, ಅವನಿಗಾಗಿಲ್ಲ ಎಂದು ಅವಳಿಗೆ ಎರಡನೇ ವಾರ. ಇಬ್ಬರೂ ಒಂದು ಮಾತೂ ಕೇಳಲಿಲ್ಲ. ಬರುತ್ತೇನೆಂದು ಬಾರದವನನ್ನು ನಾನೇಕೆ ಕೇಳಲಿ ಎಂದು ಅವಳ ಅಭಿಮಾನ. ಅವನದೇನೆಂದು ಅವಳಿಗೆ ತಿಳಿಯದು.

ಕೆಲಸದಲ್ಲಿ ಮಾತ್ರ ಯಾವ ಮುನಿಸೂ ಇರಲಿಲ್ಲ. ಅದೇ ಎರಡು ತಲೆಯ ಮೈಕ್ರೋಸ್ಕೋಪು. ಈಗ ಅವನು ತಾನಾಗಿ ನಿಧಾನ ಓಡಿಸುತ್ತಿದ್ದ. ಹಸಿರು ಬಾಣ ತೋರಿಸಬೇಕಾದ್ದನ್ನು ತೋರಿಸಿ ಮೂಲೆಗೆ ಹೋಗಿ ಸುಮ್ಮನಾಗುತ್ತಿತ್ತು. ಅವಳಿಗೆ ಹಳೇ ತಲೆಸುತ್ತೇ ವಾಸಿ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಕಣ್ಣೆತ್ತಿದರೆ ಅವನೂ ಆಗಷ್ಟೇ ಕಣ್ಣು ಇಳಿಸಿದಂತೆ ಕಾಣುತ್ತಿತ್ತು. ಇಳಿಸಿದ್ದನೋ, ತನ್ನ ಆಸೆಯೋ, ಸಾಕ್ಷಿ ಹೇಳುವವರಿಲ್ಲ.

ಸಾಕ್ಷಿ ಒಬ್ಬರಿದ್ದರು. ಸೀನಿಯರ್ ಟೆಕ್ನಿಷಿಯನ್ ಮರಿಸಿದ್ದಯ್ಯ. ಮಳವಳ್ಳಿ ಕಡೆಯವರು, ಮೂವತ್ತು ವರ್ಷದಿಂದ ಅಲ್ಲೇ ಸ್ಲೈಡು ಮಾಡುತ್ತಿದ್ದವರು, ಈ ಇಬ್ಬರ ಎಂಡಿ ದಿನಗಳನ್ನೂ ಕಂಡವರು.

"ಏನ್ರವ್ವ, ಆವಾಗ ಇಬ್ರೂ ಕಚ್ಚಾಡ್ಕಂಡು ಎಸ್ಟು ಚೆಂದಾಗಿದ್ರಿ," ಎಂದರು ಒಂದು ದಿನ. "ಈಗ ಬ್ಯಾಂಕ್ನೋರಂಗೆ ಮಾತಾಡ್ತೀರಲ್ಲ."

"ವಯಸ್ಸಾಯ್ತು ಮರಿಸಿದ್ದಯ್ಯ."

"ನಿಮ್ಗಾ? ಆಗಾದ್ರೆ ನಾನು ಸತ್ತು ಓಗಿರ್ಬೇಕಿತ್ತು ಬುಡಿ."

ಕೊನೇ ತಿಂಗಳಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಯತೀಶನಿಗೆ ಕೇರಳದ ಒಂದು ಕ್ಯಾನ್ಸರ್ ಆಸ್ಪತ್ರೆಯಿಂದ ಕರೆ ಬಂದಿದೆ. ಇಲ್ಲಿಯೇ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಉಳಿಯಿರಿ ಎಂದು ವಿಭಾಗದ ಮುಖ್ಯಸ್ಥೆ ಡಾ. ಪುಷ್ಪಾ ಕೂಡ ಹೇಳಿದ್ದಾರೆ. ಎರಡಕ್ಕೂ ಸೋಮವಾರದೊಳಗೆ ಉತ್ತರ ಕೊಡಬೇಕು.

"ಯಾವುದು ಒಪ್ಕೊಳ್ತೀರಿ?" ಕಾರಿಡಾರಿನಲ್ಲಿ ವೀಣ ಕೇಳಿದಳು. ಕೇಳಬಾರದೆಂದು ಮೂರು ದಿನ ತಡೆದಿದ್ದಳು.

"ಹೋಗೋದೇ ಒಳ್ಳೇದು ಅನ್ಸುತ್ತೆ. ಇಲ್ಲಿ ಉಳಿಯೋಕೆ ನನಗೇನು ಕಾರಣ ಇದೆ?"

ಹೋಗೋದೇ. ಮತ್ತೆ ಆ ಹಾಳು 'ಹ'! ಅವಳು "ಒಳ್ಳೇದಾಗ್ಲಿ" ಎಂದು ನಡೆದುಬಿಟ್ಟಳು. ಅವನ ಮೆಸೇಜಿನ ಮಾತನ್ನೇ ಅವನಿಗೆ ವಾಪಸ್ ಕೊಟ್ಟೆ ಎಂಬ ಸಮಾಧಾನ ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ. ಇನ್ನೊಂದು ಸಲ ಇವನು ಹೋದರೆ ಇನ್ನು ಬರುವುದಿಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಆದರೂ ಹಿಂದಿರುಗಲಿಲ್ಲ.

* * *

ಗುರುವಾರ ಮಧ್ಯಾಹ್ನ ಫ್ರೋಜನ್ ಇತ್ತು.

ಫ್ರೋಜನ್ ಎಂದರೆ ಪೆಥಾಲಜಿಯವರಿಗೆ ಎದೆ ಹೊಡೆದುಕೊಳ್ಳುವ ಕೆಲಸ. ರೋಗಿ ಇನ್ನೂ ಆಪರೇಷನ್ ಟೇಬಲ್ ಮೇಲೆ ಮಲಗಿರುವಾಗಲೇ ಕೊಯ್ದ ಅಂಚಿನ ಚೂರು ಇವರ ಕೈಗೆ ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ, ನೋಡಿ, ಇಪ್ಪತ್ತು ನಿಮಿಷದೊಳಗೆ ಫೋನಿನಲ್ಲಿ ಹೇಳಬೇಕು, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಎಂದು. ಇದಕ್ಕೆ ಡಾ. ಪುಷ್ಪಾ ಮಾಡಿದ್ದ ಕಟ್ಟುನಿಟ್ಟಿನ ನಿಯಮವೊಂದಿತ್ತು. ಫೋನಿನಲ್ಲಿ ಕೇಳಿಸಿಕೊಂಡವರು ಕೇಳಿದ್ದನ್ನು ತಿರುಗಿ ಹೇಳಬೇಕು. "ನೀವು ಹೇಳಿದ್ದು ಮುಖ್ಯ ಅಲ್ಲ, ಅವರು ಏನು ಕೇಳಿಸ್ಕೊಂಡ್ರು ಅನ್ನೋದು ಮುಖ್ಯ," ಎನ್ನುತ್ತಿದ್ದರು.

ಅವತ್ತಿನ ರೋಗಿ ಹೊಳಲಿನ ಚಿಕ್ಕನಂಜಮ್ಮ. ಎಡಗೆನ್ನೆಯ ಒಳಗೆ ಹುಣ್ಣು. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ನಲವತ್ತು ವರ್ಷ ಅಗಿದದ್ದರ ಫಲ. ಮರಿಸಿದ್ದಯ್ಯ ಸ್ಲೈಡು ತಂದು ಯತೀಶನ ಮುಂದಿಟ್ಟರು.

"ನೋಡಿ ಸಾರ್. ಇದೇ ನಿಮ್ಮಿಬ್ರದೂ ಕಡೇ ಫ್ರೋಜನ್ನು."

ಯತೀಶ ತಲೆ ಎತ್ತಲಿಲ್ಲ. ಆದರೆ ಗುಬುಟು ಹಿಡಿದ ಬೆರಳು ಒಂದು ಗಳಿಗೆ ನಿಂತದ್ದನ್ನು ಎದುರು ಕೂತ ವೀಣ ನೋಡಿದಳು.

ಸ್ಲೈಡು ನಿಧಾನ ಸರಿಯಿತು. ಅಂಚಿನ ಹತ್ತಿರ ನಾಲ್ಕಾರು ಜೀವಕೋಶಗಳು ಅಂಕೆ ತಪ್ಪಿದಂತೆ ಕಂಡವು. ಹಸಿರು ಬಾಣ ಅಲ್ಲಿ ನಿಂತಿತು.

"ಇದು?"

"ಉರಿಯೂತ ಅಷ್ಟೇ ಅನ್ಸುತ್ತೆ," ಎಂದಳು ವೀಣ. "ಇನ್ನೊಂದು ಸಲ ಬನ್ನಿ... ಹೂಂ. ಕ್ಯಾನ್ಸರ್ ಅಲ್ಲ."

"ನನಗೂ ಅಷ್ಟೇ. ಕ್ಲಿಯರ್."

ಅಷ್ಟರಲ್ಲಿ ಅವಳ ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಆಪರೇಷನ್ ಥಿಯೇಟರಿನಿಂದ. ಅವಳು ರಿಸೀವರ್ ಎತ್ತಿದಳು. ಯತೀಶ ಕಣ್ಣು ತೆಗೆಯದೆ ಅಂದ:

"ಏಳಿ."

ವೀಣ ಅವನನ್ನು ನೋಡಿದಳು.

"ಏಳಿ, ಏಳಿ. ಬೇಗ ಏಳಿ!"

ಜಾಗ ಬೇಕೇನೋ ಎಂದು ಅವಳು ರಿಸೀವರ್ ಹಿಡಿದೇ ಸ್ಟೂಲು ಸರಿಸಿ ಎದ್ದು ನಿಂತಳು. ಯತೀಶ ತಲೆ ಎತ್ತಿದ.

"ಯಾಕ್ ಎದ್ರಿ?"

"ನೀವೇ ಏಳಿ ಅಂದ್ರಲ್ಲ!"

"ನಾನೆಲ್ಲಿ ಎದ್ದೇಳಿ ಅಂದೆ? ಫೋನಲ್ಲಿ ಏಳಿ ಅಂದೆ ಕಣ್ರೀ. ಅವ್ರಿಗೆ... ಹೇ... ಹೇಳಿ!"

ಮರಿಸಿದ್ದಯ್ಯ ಟ್ರೇ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ವೀಣ ಫೋನಿಗೆ ಹೇಳಿದಳು. ಆ ಕಡೆಯಿಂದ ಸಿಸ್ಟರ್ ಧ್ವನಿ ಬಂತು: "ತಿರುಗಿ ಹೇಳ್ತೀನಿ ಡಾಕ್ಟ್ರೇ. ಚಿಕ್ಕನಂಜಮ್ಮ, ಎಡಗೆನ್ನೆ, ಅಂಚು ಕ್ಲಿಯರ್, ಕ್ಯಾನ್ಸರ್ ಇಲ್ಲ. ಸರಿನಾ?"

"ಸರಿ," ಎಂದಳು ವೀಣ.

ರಿಸೀವರ್ ಇಟ್ಟಳು. ಕೈ ಅದರ ಮೇಲೇ ಉಳಿಯಿತು. ಕಡೇ ಫ್ರೋಜನ್ ಎಂಬ ಒಂದು ಮಾತಿಗೆ ಇವನ 'ಹ' ಹೋಗಿದೆ. ಅಂದರೆ ಇವನಿಗೆ ಏನೋ ಆಗಿದೆ. ಆ ಸಂತೋಷದ ಹಿಂದೆಯೇ ಇನ್ನೊಂದು ಯೋಚನೆ ಬಂತು. 'ಹ' ಹೋದರೆ ಹೇಳಿ ಎಂಬುದು ಏಳಿ. ಹಾಗಾದರೆ ಹೇಳಕ್ಕೆ ಎಂಬುದು?

ಅವಳು ಮೆಲ್ಲಗೆ ಕೂತಳು. ಮರಿಸಿದ್ದಯ್ಯ ಅವಳ ಮುಖ ನೋಡಿದವರೇ ಟ್ರೇ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

* * *

"ಒಂದು ಮಾತು ಕೇಳ್ಬೇಕು," ಎಂದಳು ವೀಣ. "ಆರು ವರ್ಷದ ಹಿಂದೆ ಮಳವಳ್ಳಿ ಬಸ್ ಸ್ಟ್ಯಾಂಡಲ್ಲಿ ನನಗೆ ಏನು ಹೇಳಿದ್ರಿ? ಅವತ್ತು ಹೇಗೆ ಹೇಳಿದ್ರೋ ಹಾಗೇ ಹೇಳಿ."

ಯತೀಶನ ಮುಖ ಬಿಗಿಯಾಯಿತು. "ಈಗ್ಯಾಕೆ ಅದು? ಬುಡಿ."

"ಬಿಡಲ್ಲ. ಹೇಳಿ."

"ಭಾನ್ವಾರ ನಿಮ್ಮನೆಗೆ ಏಳಕ್ಕೆ ಬತ್ತೀವಿ ಅಂದೆ."

"ಏಳು ಗಂಟೆಗೆ."

"ಏಳು ಗಂಟೆಗಾ?" ಅವನು ಕಣ್ಣು ಬಿಟ್ಟ. "ಯಾವ ಏಳು ಗಂಟೆ? ನಿಮ್ಮಪ್ಪಾವ್ರಿಗೆ ಏಳಕ್ಕೆ ಕಣ್ರೀ! ನಿಮ್ಮ ಮಗಳನ್ನ ನಂಗೆ ಕೊಡಿ ಅಂತ ಏಳಕ್ಕೆ! ಅವ್ವನ್ನ ಕರ್ಕಂಡು, ತಿಮ್ಮಯ್ಯ ಮಾವನ್ನ ಕರ್ಕಂಡು, ಅಣ್ಣು ಊವು ತಟ್ಟೆಲಿಕ್ಕಂಡು, ಬೆಳಿಗ್ಗೆ ಅನ್ನೊಂದು ಗಂಟೆಗೆ ಬಂದ್ರೆ ನಿಮ್ಮನೆ ಬೀಗ!"

ಒಂದು ಮಾತಿನಲ್ಲಿ ಎಷ್ಟು 'ಹ' ಬಿದ್ದುಹೋದವೆಂದು ಎಣಿಸುವ ಸ್ಥಿತಿಯಲ್ಲಿ ವೀಣ ಇರಲಿಲ್ಲ.

"ಎದುರು ಮನೆಯೋರು ಏನಂದ್ರು ಗೊತ್ತಾ?" ಎಂದ ಯತೀಶ. "ಹುಡುಗೀನ ನೋಡೋಕೆ ಸಾಯಂಕಾಲ ಗಂಡಿನ ಕಡೆಯೋರು ಬರ್ತಾರೆ, ಸಾಮಾನು ತರಕ್ಕೆ ಹೋಗಿದ್ದಾರೆ ಅಂದ್ರು. ನೀವೇನು ಮದುವೆ ಕರೆಯೋಕೆ ಬಂದ್ರಾ ಅಂತ ಬ್ಯಾರೆ ಕೇಳಿದ್ರು. ಮಾವ ಏನ್ ಮಾಡ್ತಾನೆ, ಊ ಕಣಮ್ಮ ಅಂದ. ತಟ್ಟೆ ಎತ್ಕಂಡು ವಾಪಸ್ ಬಂದೊ. ಮಾರ್ನೆ ದಿನ ಅರ್ಥ ಆಯ್ತು ಅಂತ ನಿಮ್ಮ ಮೆಸೇಜು. ಇನ್ನೇನ್ ಕೇಳ್ಳಿ ನಾನು?"

ವೀಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಯಾರ ಮನೆ ಮದುವೆಯೋ ಏನೋ ಎಂದಿದ್ದರು ಅಮ್ಮ. ತನ್ನದೇ ಮದುವೆ ತಟ್ಟೆಯಲ್ಲಿ ಕೂತು ಬಂದು, ಬೀಗ ನೋಡಿಕೊಂಡು ವಾಪಸ್ ಹೋಗಿತ್ತು.

"ಆ ಗಂಡು ನೀವೇ ಕಣ್ರೀ!" ಎಂದಳು. ಅಳುವೂ ನಗುವೂ ಒಟ್ಟಿಗೆ ಬಂತು. "ಸಂಜೆ ಏಳಕ್ಕೆ ಅಂತ ಕೇಳಿಸ್ಕೊಂಡೆ. ನಿಮಗೇ ಅಂತ ಗೋಡಂಬಿ ತರೋಕೆ ಹೋಗಿದ್ವಿ. ನಮ್ಮಪ್ಪ ಹೊಸ ಶರ್ಟ್ ಹಾಕ್ಕೊಂಡು ಒಂಬತ್ತು ಗಂಟೆವರೆಗೆ ಗೇಟಿನ ಹತ್ರ ನಿಂತಿದ್ರು. ನೀವು ಬರ್ಲಿಲ್ಲ. ಅದಕ್ಕೇ ಅರ್ಥ ಆಯ್ತು ಅಂತ ಬರೆದೆ."

ಯತೀಶ ಹಣೆ ಚಚ್ಚಿಕೊಂಡ. ತಗ್ಗಿದ ಧ್ವನಿಯಲ್ಲಿ ಅಂದ, "ಆ ಗಂಡನ್ನ ಆರು ವರ್ಸದಿಂದ ಬೈಕಂಡು ತಿರುಗ್ತಿವ್ನಿ. ಅದೆಂಥ ಮೂತಿಯೋನು ಬಂದಿದ್ನೋ ಅಂತ."

"ಮೂತಿ ಪರವಾಗಿಲ್ಲ. ಬುದ್ಧಿ ಕಮ್ಮಿ."

ಅವನು ನಕ್ಕ. ಮೀಸೆಯ ಅಡಿಯ ಆ ಹಳೇ ನಗು. ಅದನ್ನು ಕಂಡದ್ದೇ ವೀಣಳಿಗೆ ಇಷ್ಟು ಹೊತ್ತು ಬಾರದಿದ್ದ ಸಿಟ್ಟು ಬಂತು. ಆರು ವರ್ಷ! ಮದ್ದೂರಿನ ಲ್ಯಾಬಿನಲ್ಲಿ ಒಬ್ಬಳೇ ಊಟದ ಡಬ್ಬಿ ಬಿಚ್ಚಿದ ಮಧ್ಯಾಹ್ನಗಳು, ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಮುಖ ತಿರುಗಿಸಿಕೊಂಡ ಸಂಜೆಗಳು, ಎಲ್ಲವೂ ಒಂದು ಅಕ್ಷರ ಬಿದ್ದುಹೋದದ್ದಕ್ಕೆ.

"ನೀವು ಒಂದು ಫೋನ್ ಮಾಡ್ಬೋದಿತ್ತು."

"ನೀವೂ ಮಾಡ್ಬೋದಿತ್ತು."

ಎರಡೂ ನಿಜವಾಗಿತ್ತು. ಮೈಕ್ರೋಸ್ಕೋಪಿನ ದೀಪ ಇನ್ನೂ ಉರಿಯುತ್ತಿತ್ತು. ಯತೀಶ ಕೈ ಚಾಚಿ ಅದನ್ನು ಆರಿಸಲು ಹೋದ. ವೀಣ ಅವನ ಮಣಿಕಟ್ಟು ಹಿಡಿದಳು. ಅಷ್ಟು ವರ್ಷಗಳಲ್ಲಿ ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಸೋಮವಾರ ಯಾವ ಉತ್ತರ ಕೊಡ್ತೀರಿ?"

"ಅದಕ್ಕೆ ಮುಂಚೆ ಭಾನ್ವಾರ ಐತಲ್ಲ," ಎಂದ ಯತೀಶ. "ನಿಮ್ಮನೆಗೆ ಬತ್ತೀನಿ. ಏಳಕ್ಕೆ."

"ಏಳಕ್ಕೋ? ಹೇಳಕ್ಕೋ?"

ಅವನು ಒಂದು ಗಳಿಗೆ ಯೋಚಿಸಿದ. "ಏಳಕ್ಕೇ ಬತ್ತೀನಿ, ಏಳಕ್ಕೆ."

"ತಿರುಗಿ ಹೇಳ್ತೀನಿ, ಸರಿಯಾಗಿ ಕೇಳಿಸ್ಕೊಳ್ಳಿ," ವೀಣ ಬೆರಳು ಮಡಚುತ್ತಾ ಹೇಳಿದಳು. "ಭಾನುವಾರ. ಸಂಜೆ ಏಳು ಗಂಟೆಗೆ. ಬ್ಲಫ್ಫಿಗಲ್ಲ, ಅಪ್ಪ ರಿಟೈರ್ ಆದ್ಮೇಲೆ ಮಳವಳ್ಳೀಲಿ ಮನೆ ಕಟ್ಟಿದ್ದಾರೆ, ಅಲ್ಲಿಗೆ. ನನ್ನನ್ನ ಕೊಡಿ ಅಂತ ಹೇಳೋಕೆ. ಸರಿನಾ?"

"ಸರಿ," ಎಂದ ಯತೀಶ.

* * *

ಭಾನುವಾರದ ಸಾಮಾನನ್ನೆಲ್ಲ ಶನಿವಾರವೇ ತಂದಿಟ್ಟರು. ಆ ದಿನ ಮನೆಯಿಂದ ಯಾರೂ ಹೊರಗೆ ಕಾಲಿಡಕೂಡದು ಎಂದು ವೀಣ ಕಟ್ಟಪ್ಪಣೆ ಮಾಡಿದ್ದಳು. ಅಪ್ಪ ಪೇಪರ್ ತರಲು ಹೋಗುತ್ತೇನೆ ಎಂದದ್ದಕ್ಕೂ ಒಪ್ಪಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ವೀಣ ತಲೆಗೆ ನೀರು ಹಾಕಿಕೊಂಡು ಟವೆಲ್ ಸುತ್ತಿದ್ದಳು. ಹಾಗೇ ಹೋಗಿ ಬಾಗಿಲು ತೆಗೆದಳು. ಎದುರಿಗೆ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣ್ಣು ಹೂವಿನ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಬಿಳಿ ಪಂಚೆಯ ತಿಮ್ಮಯ್ಯ ಮಾವ. ಅವರ ಹಿಂದೆ ನಾಚಿಕೆಯಿಂದ ಹಿಡಿಯಷ್ಟಾಗಿದ್ದ ಯತೀಶ.

"ನಾನು ಇವ್ನವ್ವ ಬೆಟ್ಟಮ್ಮ ಕಣವ್ವ," ಎಂದರು ಆಕೆ. ವೀಣಳನ್ನು ಟವೆಲಿನಿಂದ ಕಾಲಿನವರೆಗೆ ನೋಡಿದರು. "ಸಂಜೀಕ್ ಓಗಾನ ಅಂದ ಇವ್ನು. ನಾನೇ ಕೇಳ್ಳಿಲ್ಲ. ಅವತ್ತು ಅನ್ನೊಂದು ಗಂಟೆಗೆ ಬಂದು ಬೀಗ ನೋಡ್ಕಂಡು ಓಗಿದ್ದೀನಿ. ಇವತ್ತು ಅದೇ ಒತ್ಗೆ ಬಂದು ಬಾಗ್ಲು ನೋಡ್ಬೇಕು ಅನ್ನಿಸ್ತು."

"ಬನ್ನಿ ಅತ್ತೆ," ಎಂದಳು ವೀಣ. ಬಾಯಿಗೆ ತಾನಾಗಿ ಬಂದ ಮಾತು. ಬೆಟ್ಟಮ್ಮ ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಬಂದರು.

ಊಟವಾಯಿತು. ಎಲೆ ಅಡಿಕೆ ಬೇಡವೇ ಬೇಡ ಎಂದು ಇಬ್ಬರು ಪೆಥಾಲಜಿಯವರು ಒಟ್ಟಿಗೆ ಕೂಗಿದ್ದಕ್ಕೆ ಹಿರಿಯರೆಲ್ಲ ನಕ್ಕರು. ಆರು ವರ್ಷದ ಹಿಂದಿನ ಕಥೆಯನ್ನು ಬೆಟ್ಟಮ್ಮ ಒಂದು ಸಲ ಹೇಳಿದರು, ಅಮ್ಮ ಒಂದು ಸಲ ಹೇಳಿದರು, ಮತ್ತೆ ಇಬ್ಬರೂ ಸೇರಿ ಹೇಳಿದರು. ಅಪ್ಪ ಒಳಗೆ ಹೋಗಿ ಪೆಟ್ಟಿಗೆಯಿಂದ ಆ ಬಿಳಿ ಶರ್ಟು ತೆಗೆದು ಹಾಕಿಕೊಂಡು ಬಂದರು. ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿಯಾಗಿತ್ತು. ನಾಲ್ಕೂವರೆಗೆ ರಾಹುಕಾಲ ಹುಟ್ಟುವ ಮೊದಲೇ ಮಾತುಕತೆಯೆಲ್ಲ ಮುಗಿದುಹೋಗಿತ್ತು.

ಸಂಜೆ ವೀಣ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದಳು. ಯತೀಶ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತ.

"ಎಲ್ಲರೂ ಎಲ್ಲಾ ಹೇಳಿದ್ರು," ಎಂದಳು ವೀಣ. "ನಿಮ್ಮವ್ವ ಹೇಳಿದ್ರು, ಮಾವ ಹೇಳಿದ್ರು. ನೀವು ಮಾತ್ರ ಒಂದು ಮಾತೂ ಹೇಳಿಲ್ಲ."

ಯತೀಶ ಕೈಗಡಿಯಾರ ನೋಡಿದ. "ಇನ್ನೂ ಏಳಾಗಿಲ್ಲ."

ಇಪ್ಪತ್ತು ನಿಮಿಷ ಇತ್ತು. ಒಂದು ಫ್ರೋಜನ್ನಿನಷ್ಟು ಹೊತ್ತು. ವೀಣ ಕಾದಳು. ಕಾಯುವುದು ಇಷ್ಟು ಸುಖವೆಂದು ಅವಳಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗುಡುಗುಡು ಎಂದು ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಏಳಾಯಿತು. ಯತೀಶ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಭಾಷಣ ಮಾಡುವವನ ಹಾಗೆ ಶುರು ಮಾಡಿದ: "ಹೃದಯ..."

"ಬೇಡ," ಎಂದಳು ವೀಣ. "'ಹ' ಬಿಟ್ಟು ಹೇಳಿ."

ಅವನು ಅವಳನ್ನೇ ನೋಡಿದ. ಕಣ್ಣು ಇಳಿಸಲಿಲ್ಲ.

"ನಿಮ್ಮನ್ನ ಬುಟ್ಟು ನಾನಿನ್ನ ಎಲ್ಲೂ ಓಗಕಿಲ್ಲ."

ವೀಣ ಅವನ ಕೈ ಹಿಡಿದುಕೊಂಡಳು. ನಿಯಮ ನಿಯಮವೇ. ಕೇಳಿದ್ದನ್ನು ತಿರುಗಿ ಹೇಳಬೇಕು.

"ನನ್ನ ಬುಟ್ಟು ನೀವಿನ್ನ ಎಲ್ಲೂ ಓಗಕಿಲ್ಲ," ಎಂದಳು. "ಸರಿನಾ?"

"ಊ," ಎಂದ ಯತೀಶ.